ಎಲ್ಲರೂ ಕೂಡಿ ಉಣ್ಣುವ ಬುತ್ತಿ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಪರೀಕ್ಷೆಯಲ್ಲಿ ಅದನ್ನು ವಿಸ್ತರಿಸಿ ಬರೆದು ಅಂಕಗಳನ್ನೂ ಪಡೆದಿದ್ದೇವೆ. ಆದರೆ ತನ್ನ ಊಟವನ್ನಷ್ಟೇ ಬಲ್ಲವನು ಪೂರ್ತಿಯಾಗಿ ಊಟ ಬಲ್ಲವನಲ್ಲ, ಪಕ್ಕದಲ್ಲಿ ಕುಳಿತವರ ಊಟವನ್ನೂ ಅರಿತಿರಬೇಕು ಎಂಬ ಪಾಠವನ್ನು ನಾವು ಕಲಿತದ್ದು ತರಗತಿಯಲ್ಲಲ್ಲ, ನೀಲಗಿರಿಯ ಘಟ್ಟದ ದಾರಿಯಲ್ಲಿ.

ಕಳೆದ ವರ್ಷ ನಮ್ಮ ಶಾಲೆಯಿಂದ ಎರಡು ದಿನಗಳ ಪ್ರವಾಸ ಹೋಗಿದ್ದೆವು. ಬಂಡೀಪುರ, ತೆಪ್ಪಕಾಡು, ಗೂಡಲೂರುಗಳ ಮೇಲೆ ಉದಕಮಂಡಲಕ್ಕೆ ಹೋಗಿ, ಕೂನೂರನ್ನೂ ನೋಡಿಕೊಂಡು ಅದೇ ದಾರಿಯಲ್ಲಿ ಹಿಂದಿರುಗುತ್ತಿದ್ದೆವು. ನಮ್ಮ ಜೊತೆಯಲ್ಲಿದ್ದ ಗೆಳತಿಯೊಬ್ಬಳಿಗೆ ಕಡಲೆಕಾಯಿ ಒಗ್ಗುವುದಿಲ್ಲ. ಈ ಸಂಗತಿ ನಮಗೆ ಗೊತ್ತಿತ್ತು. ಆದರೆ ಅದರ ಅರ್ಥ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಚಾಕಲೇಟು ಹಂಚುವಾಗ ಅವಳು ಬೇಡವೆಂದಳು. “ಇದರಲ್ಲಿ ಬೀಜ ಇಲ್ಲ ಕಣೇ, ಒಂದು ಚೂರು ತಿಂದರೆ ಏನಾಗುತ್ತೆ?” ಎಂದು ಬಲವಂತ ಮಾಡಿದವರು ನಾವೇ. ಅದು ಹೆಸರುಪಟ್ಟಿಯಿಲ್ಲದ ಪೊಟ್ಟಣ. ಬೀಜವಿದ್ದ ಚಾಕಲೇಟೂ ಬೀಜವಿಲ್ಲದ ಚಾಕಲೇಟೂ ಒಂದೇ ಪೊಟ್ಟಣದಲ್ಲಿದ್ದವು.

ಬಸ್ಸು ನಡುವಟ್ಟದ ಇಳಿಜಾರಿಗೆ ಬರುವ ಹೊತ್ತಿಗೆ ಅವಳ ತುಟಿ ಊದಿತು. ಕುತ್ತಿಗೆಯ ಮೇಲೆ ಪಿತ್ತದ ಗಂಧೆಗಳೆದ್ದವು. ಸ್ವಲ್ಪ ಹೊತ್ತಿಗೆ ಉಸಿರು ಸುಯ್ಯೆನ್ನತೊಡಗಿತು. ತಿರುವಿನ ಮೇಲೆ ತಿರುವು. ಬಸ್ಸನ್ನು ವೇಗವಾಗಿ ಓಡಿಸುವಂತಿಲ್ಲ. ಗೂಡಲೂರು ತಲುಪಿ ಅವಳಿಗೆ ಚುಚ್ಚುಮದ್ದು ಕೊಡಿಸುವವರೆಗೂ ಬಸ್ಸಿನಲ್ಲಿ ಯಾರೂ ಮಾತನಾಡಲಿಲ್ಲ. ಅವಳು ಗುಣಹೊಂದಿ ವಾರದಲ್ಲಿ ಶಾಲೆಗೆ ಬಂದಳು. ಅವಳ ತಾಯಿಯವರೂ ಬಂದಿದ್ದರು. ಅವರು ನಮ್ಮ ಮೇಷ್ಟ್ರಿಗೆ ಹೇಳಿದ್ದು ಇಷ್ಟೇ: “ನನ್ನ ಮಗಳನ್ನ ಬೇರೆ ಮೂಲೆಯಲ್ಲಿ ಕೂರಿಸಿ ಊಟ ಮಾಡಿಸಬೇಡಿ ಸಾರ್. ಎಲ್ಲರ ಜೊತೆ ಕೂತು ಉಣ್ಣೋ ಹಂಗೆ ಮಾಡಿಕೊಡಿ.”

ಈ ಮಾತನ್ನು ನಡೆಸಿಕೊಡುವುದು ಹೇಗೆ ಎಂದು ವಿಜ್ಞಾನ ಸಂಘದ ನಾವು ವರ್ಷವೆಲ್ಲಾ ವಿಚಾರ ಮಾಡಿದೆವು. ಉಪಾಧ್ಯಾಯರನ್ನು ಕೇಳಿದೆವು, ಪುಸ್ತಕಗಳನ್ನು ಓದಿದೆವು, ಮಸಿನಗುಡಿ, ಗೂಡಲೂರು, ಉದಕಮಂಡಲಗಳಲ್ಲಿರುವ ನೆಂಟರ ಮನೆಗಳಲ್ಲಿ ಅಡುಗೆಯ ಕ್ರಮಗಳನ್ನು ಕೇಳಿ ಬರೆದುಕೊಂಡೆವು. ಅದರ ಸಾರಾಂಶವೇ ಈ ಲೇಖನ.

ಅಲರ್ಜಿ ಎಂದರೇನು?

“ಅಲರ್ಜಿ” ಎಂಬ ಪದವನ್ನು 1906ರಲ್ಲಿ ಮೊದಲು ಬಳಸಿದವರು ಆಸ್ಟ್ರಿಯಾ ದೇಶದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ನಮ್ಮ ದೇಹದಲ್ಲಿ ರೋಗಾಣುಗಳನ್ನು ಎದುರಿಸುವ ಒಂದು ರಕ್ಷಣಾ ವ್ಯವಸ್ಥೆ ಇದೆ. ಅದು ಕೆಲವರಲ್ಲಿ ನಿರಪಾಯಕಾರಿಯಾದ ಆಹಾರದ ಪ್ರೋಟೀನನ್ನೇ ಶತ್ರುವೆಂದು ತಪ್ಪು ತಿಳಿದು, ಐ.ಜಿ.ಇ. ಎಂಬ ಪ್ರತಿಕಾಯವನ್ನು ತಯಾರಿಸಿ ಇಟ್ಟುಕೊಳ್ಳುತ್ತದೆ. ಮತ್ತೆ ಅದೇ ಆಹಾರ ಹೊಟ್ಟೆಗೆ ಹೋದಾಗ ಕೆಲವು ಜೀವಕೋಶಗಳಿಂದ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಹೊರಬೀಳುತ್ತವೆ. ಇವುಗಳಿಂದಲೇ ತುರಿಕೆ, ಗಂಧೆ, ಊತ, ವಾಂತಿ, ಉಸಿರಾಟದ ತೊಂದರೆಗಳು ಉಂಟಾಗುತ್ತವೆ. ರಕ್ತದ ಒತ್ತಡ ಕುಸಿದರೆ ಪ್ರಾಣಕ್ಕೇ ಅಪಾಯ.

ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಬೆರೆಸಬಾರದು. ಹಾಲು ಕುಡಿದಾಗ ಹೊಟ್ಟೆ ಉಬ್ಬರಿಸಿ ಭೇದಿಯಾಗುವುದು ಹಾಲಿನ ಸಕ್ಕರೆ ಜೀರ್ಣವಾಗದಿರುವುದರಿಂದ ಇರಬಹುದು. ಇದು ಅಲರ್ಜಿಯಲ್ಲ, ಇಂಥವರಲ್ಲಿ ಅನೇಕರಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ. ಹಾಲಿನ ಪ್ರೋಟೀನಿಗೆ ಅಲರ್ಜಿಯಿದ್ದವರಿಗಾದರೋ ಒಂದು ಚಮಚ ಮಜ್ಜಿಗೆಯೂ ಸಲ್ಲದು. ಮೂರನೆಯದು ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟಿನಿಂದ ಕರುಳು ಕೆಡುವ ಸೀಲಿಯಾಕ್ ಕಾಯಿಲೆ. ಇವುಗಳಲ್ಲಿ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಅತಿಯಾದ ಭಯವೂ ತಪ್ಪು

ಇಷ್ಟನ್ನು ಓದಿದ ಕೂಡಲೇ “ಹಾಗಾದರೆ ನಮ್ಮ ಮಗುವಿಗೂ ಹಾಲು, ಮೊಟ್ಟೆ, ಕಡಲೆಕಾಯಿ ಬೇಡ” ಎಂದು ಯಾರಾದರೂ ತೀರ್ಮಾನಿಸಿದರೆ ಅದು ಇನ್ನೊಂದು ದೊಡ್ಡ ತಪ್ಪು. ಬೆಂಗಳೂರು, ಮೈಸೂರುಗಳ ಭಾಗದಲ್ಲಿ ಯೂರೋಪಿನ ವಿಜ್ಞಾನಿಗಳ ಸಹಯೋಗದಿಂದ ನಡೆದ ಸಮೀಕ್ಷೆಯೊಂದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅದರಂತೆ ವಯಸ್ಕರಲ್ಲಿ ಶೇಕಡಾ 26.5ರಷ್ಟು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ವಿರುದ್ಧವಾದ ಪ್ರತಿಕಾಯ ಕಂಡುಬಂದಿತು. ಆದರೆ ಆಹಾರದ ಅಲರ್ಜಿ ಇರಬಹುದೆಂದು ತೀರ್ಮಾನಿಸಿದ್ದು ಶೇಕಡಾ 1.2ರಷ್ಟು ಜನರಲ್ಲಿ ಮಾತ್ರ. ಇದೇ ಯೋಜನೆಯ ಮಕ್ಕಳ ಸಮೀಕ್ಷೆ 2020ರಲ್ಲಿ ಪ್ರಕಟವಾಯಿತು. ನಮ್ಮ ಕಡೆಯ ಮಕ್ಕಳಲ್ಲಿ ಈ ಪ್ರಮಾಣ ಶೇಕಡಾ 0.14, ಅಂದರೆ ಸಾವಿರಕ್ಕೆ ಒಬ್ಬರೋ ಇಬ್ಬರೋ ಎಂದು ಅದರಲ್ಲಿ ಹೇಳಿದೆ.

ಇದರಿಂದ ಎರಡು ಪಾಠಗಳು. ಒಂದು, ರಕ್ತಪರೀಕ್ಷೆಯ ಕಾಗದವೊಂದನ್ನೇ ನಂಬಿ ಮಗುವಿನ ತಟ್ಟೆಯಿಂದ ಆಹಾರಗಳನ್ನು ತೆಗೆದುಹಾಕಬಾರದು. ಎರಡು, ಆ ಸಾವಿರದಲ್ಲೊಬ್ಬರು ನಮ್ಮ ಪಕ್ಕದಲ್ಲೇ ಕುಳಿತಿರಬಹುದು. ಅವರ ವಿಷಯದಲ್ಲಿ ಕಿಂಚಿತ್ತೂ ಸಡಿಲ ಮಾಡಬಾರದು. ತೆಗೆಯಬೇಕಾದುದನ್ನು ಮಾತ್ರ ತೆಗೆ, ತೆಗೆದದ್ದಕ್ಕೆ ಸಮನಾದುದನ್ನು ಇಡು: ಇದೇ ಬುತ್ತಿಯ ಸೂತ್ರ.

ಕೂನೂರು ಕಲಿಸಿದ ಪಾಠ

“ಸಮನಾದುದನ್ನು ಇಡು” ಎಂಬ ಮಾತಿಗೂ ನೀಲಗಿರಿಗೂ ಹತ್ತಿರದ ಸಂಬಂಧವಿದೆ. ಕೂನೂರಿನಲ್ಲಿ ಸಿಮ್ಸ್ ಪಾರ್ಕಿನ ಬಳಿ ಇರುವ ಪಾಶ್ಚರ್ ಸಂಸ್ಥೆಯನ್ನು ನಾವು ಪ್ರವಾಸದಲ್ಲಿ ಹೊರಗಿನಿಂದ ನೋಡಿದ್ದೆವು. ಹುಚ್ಚುನಾಯಿ ಕಡಿತದ ಲಸಿಕೆಗಾಗಿ 1907ರಲ್ಲಿ ಸ್ಥಾಪಿತವಾದ ಸಂಸ್ಥೆ ಎಂದಷ್ಟೇ ಆಗ ತಿಳಿದಿತ್ತು. ಅದೇ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ, 1918ರಲ್ಲಿ, ಡಾ. ರಾಬರ್ಟ್ ಮೆಕ್ಯಾರಿಸನ್ ಎಂಬವರು ಬೆರಿಬೆರಿ ರೋಗದ ಸಂಶೋಧನೆಯನ್ನು ಆರಂಭಿಸಿದರು. ಆ ಕೋಣೆಯೇ ಬೆಳೆದು 1928ರಲ್ಲಿ ಪೌಷ್ಟಿಕ ಆಹಾರ ಸಂಶೋಧನಾಲಯವಾಯಿತು. ಅದು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಿಂದ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಮೆಕ್ಯಾರಿಸನ್ನರು ಭಾರತದ ಬೇರೆ ಬೇರೆ ಪ್ರಾಂತ್ಯಗಳ ಜನರ ಊಟವನ್ನು ಇಲಿಗಳಿಗೆ ಉಣಿಸಿ ಅವುಗಳ ಬೆಳವಣಿಗೆಯನ್ನು ಹೋಲಿಸಿದರು. ಗೋಧಿ ರೊಟ್ಟಿ, ಹಾಲು, ಬೇಳೆ, ತರಕಾರಿಗಳನ್ನು ತಿಂದ ಇಲಿಗಳು ಚೆನ್ನಾಗಿ ಬೆಳೆದವು. ಹೆಚ್ಚಾಗಿ ಪಾಲಿಷ್ ಅಕ್ಕಿಯನ್ನೇ ತಿಂದವು ಸೊರಗಿದವು. ಹೊಟ್ಟೆ ತುಂಬುವುದು ಬೇರೆ, ಪೋಷಣೆ ಸಿಗುವುದು ಬೇರೆ ಎಂಬುದು ಇದರ ತಾತ್ಪರ್ಯ. ಅಲರ್ಜಿಯ ಹೆದರಿಕೆಯಿಂದ ಮಗುವಿಗೆ ಬರೀ ಬಿಳಿ ಅನ್ನ ಉಪ್ಪಿನಕಾಯಿ ಕಟ್ಟಿಕೊಟ್ಟರೆ ನಾವು ಆ ಸೊರಗಿದ ಇಲಿಗಳ ದಾರಿಯನ್ನೇ ಹಿಡಿದಂತಾಗುತ್ತದೆ. ಆದುದರಿಂದ ಬದಲಿ ಆಹಾರದ ಲೆಕ್ಕ ತಿಳಿದಿರಬೇಕು.

ಹಾಲು ಬಿಟ್ಟವರಿಗೆ ಕ್ಯಾಲ್ಸಿಯಂ ಮತ್ತು ಪ್ರೋಟೀನು ಬೇಕು. 100 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಕ್ಕಿಯಲ್ಲಿ 10ರ ಆಸುಪಾಸು ಮಾತ್ರ. ಪ್ರೋಟೀನಿಗೆ ಹುರುಳಿ, ಅವರೆ ಮೊದಲಾದ ಕಾಳುಗಳಿವೆ.

ಮೊಟ್ಟೆ ಬಿಟ್ಟವರಿಗೆ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು. ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಹುರಿಗಡಲೆಯಲ್ಲಿಯೂ ಅಷ್ಟೇ ದೊರೆಯುತ್ತದೆ. ಮೊಟ್ಟೆಯ ಬದಲು ಬಾಳೆಹಣ್ಣು ತಿನ್ನುವ ಮಕ್ಕಳು ಇದನ್ನು ಗಮನಿಸಬೇಕು. ಬಾಳೆಹಣ್ಣು ಒಳ್ಳೆಯದೇ, ಆದರೆ ಅದು ಮೊಟ್ಟೆಗೆ ಸಮನಲ್ಲ. ಜೊತೆಗೊಂದು ಹಿಡಿ ಹುರಿಗಡಲೆಯೂ ಇರಲಿ.

ಗೋಧಿ ಬಿಟ್ಟವರಿಗೆ ರಾಗಿ, ಸಾಮೆ, ಅಕ್ಕಿ, ಮುಸುಕಿನ ಜೋಳಗಳಿವೆ. ಇವುಗಳಲ್ಲಿ ಗ್ಲುಟೆನ್ ಇಲ್ಲ. ಆದರೆ ನೀಲಗಿರಿಯಲ್ಲಿ ಹಿಂದಿನಿಂದ ಬೆಳೆಯುತ್ತಿದ್ದ ಬಾರ್ಲಿಯಲ್ಲಿ ಅದು ಇದೆ. ಅದು ಗೋಧಿಗೆ ಬದಲಿಯಾಗಲಾರದು.

ಕಡಲೆಕಾಯಿ ಬಿಟ್ಟವರಿಗೆ ಹುರಿಗಡಲೆ, ತೆಂಗಿನಕಾಯಿಗಳಿವೆ. ಕಡಲೆಕಾಯಿಯೂ ಕಾಳಿನ ಜಾತಿಯ ಗಿಡವೇ ಆದ್ದರಿಂದ ಕೆಲವೇ ಕೆಲವರಿಗೆ ಕಡಲೆಯೂ ಒಗ್ಗದಿರಬಹುದು. ಒಮ್ಮೆ ವೈದ್ಯರನ್ನು ಕೇಳಿಕೊಂಡೇ ಕೊಡತಕ್ಕದ್ದು.

ಬೆಟ್ಟದ ಧಾನ್ಯಗಳು

ಈ ಬದಲಿ ಆಹಾರಗಳನ್ನು ಪಟ್ಟಣದ ದೊಡ್ಡ ಅಂಗಡಿಗಳಲ್ಲಿ ಹುಡುಕಬೇಕಾಗಿಲ್ಲ. ನೀಲಗಿರಿಯ ಬಡಗರು ಆಲೂಗಡ್ಡೆ, ಚಹಾ ಬರುವುದಕ್ಕೆ ಮೊದಲೇ ರಾಗಿ, ಸಾಮೆಗಳನ್ನು ಬೆಳೆಯುತ್ತಿದ್ದವರು. ತಪ್ಪಲಿನ ಇರುಳರಿಗೂ ಇವೇ ಹಳೆಯ ಧಾನ್ಯಗಳು. 2023ರಲ್ಲಿ ತಮಿಳುನಾಡು ಸರ್ಕಾರವು ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳ ಪಡಿತರ ಅಂಗಡಿಗಳಲ್ಲಿ 2 ಕಿಲೋ ಅಕ್ಕಿಗೆ ಬದಲಾಗಿ 2 ಕಿಲೋ ರಾಗಿ ಕೊಡುವ ಕ್ರಮವನ್ನು ಆರಂಭಿಸಿತು. ಹಾಲು, ಗೋಧಿ, ಮೊಟ್ಟೆ, ಕಡಲೆಕಾಯಿ ಯಾವುದೂ ಬೇಕಾಗದ ತಿಂಡಿಗಳು ನಮ್ಮ ಅಜ್ಜಿಯರ ಕೈಯಲ್ಲಿಯೇ ಇದ್ದವು ಎಂಬುದನ್ನು ಕಂಡು ನಮಗೆ ಸಂತೋಷವಾಯಿತು.

ಮಾಡಿ ನೋಡಿದ ನಾಲ್ಕು ತಿಂಡಿಗಳು

1. ರಾಗಿ ಹುರಿಹಿಟ್ಟಿನ ಉಂಡೆ: ಹುರಿಹಿಟ್ಟು 2 ಲೋಟ, ಪುಡಿ ಬೆಲ್ಲ ಮುಕ್ಕಾಲು ಲೋಟ, ತೆಂಗಿನತುರಿ ಅರ್ಧ ಲೋಟ, ಏಲಕ್ಕಿ ಪುಡಿ ಒಂದು ಚಿಟಿಕೆ. ಎಲ್ಲವನ್ನೂ ಕಲಸಿ, ಬಿಸಿನೀರನ್ನು ಚಮಚ ಚಮಚವಾಗಿ ಚಿಮುಕಿಸಿ ಉಂಡೆ ಕಟ್ಟಬೇಕು. ಹಸಿ ತೆಂಗಿನತುರಿ ಇರುವುದರಿಂದ ಅಂದೇ ತಿಂದು ಮುಗಿಸಬೇಕು. ಇಲ್ಲೊಂದು ಎಚ್ಚರಿಕೆ: ರಾಗಿಯನ್ನು ಅರಳಿಸುವ ಮುಂಚೆ ಹುಳಿಮಜ್ಜಿಗೆ ಚಿಮುಕಿಸಿ ನೆನೆಸುವ ಪದ್ಧತಿ ಹಲವು ಮನೆಗಳಲ್ಲಿದೆ. ಹಾಲಿನ ಅಲರ್ಜಿಯಿದ್ದವರಿಗೆ ಮಾಡುವಾಗ ಬರೀ ನೀರನ್ನೇ ಬಳಸಬೇಕು.

2. ಸಾಮೆ ಉಪ್ಪಿಟ್ಟು: ಸಾಮೆ ಅಕ್ಕಿ 1 ಲೋಟ, ನೀರು ಎರಡೂವರೆ ಲೋಟ, ಸಣ್ಣಗೆ ಹೆಚ್ಚಿದ ಕ್ಯಾರೆಟ್, ಹುರುಳಿಕಾಯಿ, ಬಟಾಣಿ ಸೇರಿ 1 ಲೋಟ. ಸಾಮೆಯನ್ನು ಹಸಿವಾಸನೆ ಹೋಗುವಂತೆ ಹುರಿದಿಟ್ಟುಕೊಳ್ಳಬೇಕು. ಎಣ್ಣೆಯಲ್ಲಿ ಒಗ್ಗರಣೆ ಹಾಕಿ, ತರಕಾರಿ ಬಾಡಿಸಿ, ನೀರು ಉಪ್ಪು ಹಾಕಿ ಕುದಿಸಿ, ಸಾಮೆ ಬೆರೆಸಿ ಮುಚ್ಚಿ ಬೇಯಿಸಬೇಕು. ರವೆ ಗೋಧಿಯಿಂದಾದದ್ದು, ಆದುದರಿಂದ ಬೆರೆಸಬಾರದು. ಒಗ್ಗರಣೆಗೆ ಇಂಗನ್ನೂ ಹಾಕಬಾರದು, ಏಕೆಂದರೆ ಅಂಗಡಿಯ ಇಂಗಿಗೆ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆಸಿರುತ್ತಾರೆ. ನಮಗೆ ಅತ್ಯಂತ ಆಶ್ಚರ್ಯ ತಂದ ಸಂಗತಿ ಇದು.

3. ಆಲೂಗಡ್ಡೆ ಅಕ್ಕಿರೊಟ್ಟಿ: ಅಕ್ಕಿಹಿಟ್ಟು 2 ಲೋಟ, ಬೇಯಿಸಿ ಹಿಸುಕಿದ ಆಲೂಗಡ್ಡೆ 2, ಸಣ್ಣಗೆ ಹೆಚ್ಚಿದ ಸೊಪ್ಪು ಒಂದು ಹಿಡಿ, ಜೀರಿಗೆ, ಉಪ್ಪು. ಆಲೂಗಡ್ಡೆ ಸೇರಿಸುವುದರಿಂದ ರೊಟ್ಟಿ ಮಧ್ಯಾಹ್ನದವರೆಗೂ ಮೃದುವಾಗಿರುತ್ತದೆ. ಬೆಣ್ಣೆಯ ಬದಲು ಎಣ್ಣೆಯಲ್ಲಿ ಬೇಯಿಸಬೇಕು.

4. ಮೊಳಕೆ ಹುರುಳಿ ಉಸಲಿ: ಹುರುಳಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬೇಯಿಸಿ, ನೀರು ಬಸಿದು, ಉಪ್ಪು, ತೆಂಗಿನತುರಿ, ಕರಿಬೇವಿನ ಒಗ್ಗರಣೆ ಸೇರಿಸಬೇಕು. ಬಸಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಬಹುದು.

ಇವುಗಳ ಜೊತೆಗೆ ಒಂದು ಹಸಿ ಕ್ಯಾರೆಟ್, ಒಂದು ಬಾಳೆಹಣ್ಣು ಅಥವಾ ಸೀಬೆಹಣ್ಣು ಇದ್ದರೆ ಡಬ್ಬಿ ಪೂರ್ಣವಾಯಿತು.

ಉದಕಮಂಡಲದಂಥ ಎತ್ತರದ ಊರುಗಳಲ್ಲಿ ಈ ಅಡುಗೆಗಳನ್ನು ಮಾಡುವವರಿಗೆ ವಿಜ್ಞಾನದ ಒಂದು ಮಾತು. ಆ ಊರು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುವಿನ ಒತ್ತಡ ಕಡಿಮೆಯಾದ್ದರಿಂದ ನೀರು ಸುಮಾರು 92-93 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಆದುದರಿಂದ ತೆರೆದ ಪಾತ್ರೆಯಲ್ಲಿ ಕಾಳು ಬೇಗ ಬೇಯುವುದಿಲ್ಲ. ಕುಕ್ಕರ್ ಬಳಸುವುದೇ ಲೇಸು. ಚಳಿಯಲ್ಲಿ ಮೊಳಕೆ ಬರಲೂ ಒಂದು ದಿನ ಹೆಚ್ಚು ಬೇಕಾಗುತ್ತದೆ. ಕಾಳು ಕಟ್ಟಿದ ಬಟ್ಟೆಯನ್ನು ಒಲೆಯ ಬಳಿ ಬೆಚ್ಚಗೆ ಇಡುವ ಉಪಾಯವನ್ನು ಅಲ್ಲಿನ ಮನೆಯೊಂದರಲ್ಲಿ ನಮಗೆ ಹೇಳಿಕೊಟ್ಟರು.

ಕಣ್ಣಿಗೆ ಕಾಣದ ಬೆರಕೆ

ನಮ್ಮ ಗೆಳತಿಯ ಚಾಕಲೇಟಿನಲ್ಲಿ ಬೀಜವಿರಲಿಲ್ಲ, ನಿಜ. ಆದರೆ ಬೀಜದ ಧೂಳು ಇತ್ತು. ಇಂಥ ಬೆರಕೆ ಎಲ್ಲೆಲ್ಲಿ ಆಗುತ್ತದೆ ಎಂಬುದನ್ನು ನಾವು ಪಟ್ಟಿ ಮಾಡಿದೆವು. ಗೋಧಿ ಬೀಸಿದ ಗಿರಣಿಯಲ್ಲಿಯೇ ರಾಗಿ ಬೀಸಿದರೆ ಹಿಟ್ಟಿಗೆ ಗೋಧಿ ಸೇರುತ್ತದೆ. ಕಡಲೆಕಾಯಿ ಹುರಿದ ಮರಳಿನಲ್ಲಿಯೇ ಕಡಲೆ ಹುರಿದರೆ ಹುರಿಗಡಲೆಗೂ ಅದರ ಅಂಶ ಅಂಟುತ್ತದೆ. ಚಟ್ನಿಯ ಚಮಚ ಬದಲಾದರೂ ಸಾಕು. ಉದಕಮಂಡಲದ ಪ್ರಸಿದ್ಧ ವರ್ಕಿ ಮೈದಾ ಹಿಟ್ಟಿನಿಂದ ಆದದ್ದು. ಗೋಧಿ ಒಗ್ಗದವರಿಗೆ ಅದು ಸಲ್ಲದು. “ರಾಗಿ ಬಿಸ್ಕತ್ತು” ಎಂದು ಹೆಸರಿದ್ದರೂ ಒಳಗೆ ಮೈದಾ, ಹಾಲಿನಪುಡಿ ಇರುವುದುಂಟು.

ಪೊಟ್ಟಣದ ತಿಂಡಿ ಕೊಳ್ಳುವಾಗ ಹಿಂಬದಿಯನ್ನು ಓದಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳಂತೆ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸೀಗಡಿ ಜಾತಿ, ಕಡಲೆಕಾಯಿ ಮತ್ತು ಗೋಡಂಬಿಯಂಥ ಬೀಜಗಳು, ಸೋಯಾ ಇವುಗಳಿದ್ದರೆ ಪೊಟ್ಟಣದ ಮೇಲೆ ನಮೂದಿಸಬೇಕು. ಹೆಸರುಪಟ್ಟಿಯೇ ಇಲ್ಲದ ತಿಂಡಿಯನ್ನು ಅಲರ್ಜಿಯಿರುವವರಿಗೆ ಕೊಡಲೇಬಾರದು.

ತರಗತಿಯಲ್ಲಿ ಪಾಲಿಸಬೇಕಾದ ನಿಯಮಗಳು

ನಮ್ಮ ತರಗತಿಯಲ್ಲಿ ಈಗ ನಾಲ್ಕು ನಿಯಮಗಳಿವೆ. ಕೇಳದೆ ಯಾರ ಡಬ್ಬಿಗೂ ತಿಂಡಿ ಹಾಕುವುದಿಲ್ಲ. ಬೇಡವೆಂದವರನ್ನು ಎರಡನೆಯ ಸಲ ಬಲವಂತ ಮಾಡುವುದಿಲ್ಲ. ಊಟಕ್ಕೆ ಮುಂಚೆಯೂ ಅನಂತರವೂ ಸೋಪಿನಿಂದ ಕೈ ತೊಳೆಯುತ್ತೇವೆ; ಕೈಗೆ ಸವರುವ ಸ್ಯಾನಿಟೈಸರ್ ದ್ರವದಿಂದ ಕಡಲೆಕಾಯಿಯ ಅಂಶ ಹೋಗುವುದಿಲ್ಲ. ಯಾರಿಗೆ ಏನು ಒಗ್ಗದು ಎಂಬುದನ್ನು ಉಪಾಧ್ಯಾಯರು ಬರೆದಿಟ್ಟುಕೊಂಡಿರುತ್ತಾರೆ.

ಇಷ್ಟೆಲ್ಲಾ ಎಚ್ಚರ ವಹಿಸಿದರೂ ಊತ, ಉಸಿರಾಟದ ತೊಂದರೆ, ತಲೆಸುತ್ತು ಕಂಡುಬಂದರೆ ಮನೆಮದ್ದಿಗಾಗಿ ಸಮಯ ಕಳೆಯಬಾರದು. ತುರಿಕೆಯ ಮಾತ್ರೆ ತುರಿಕೆಯನ್ನಷ್ಟೇ ತಗ್ಗಿಸುತ್ತದೆ. ಪ್ರಾಣ ಉಳಿಸುವುದು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ವೈದ್ಯರು ಅದನ್ನು ಮೊದಲೇ ಬರೆದುಕೊಟ್ಟಿದ್ದರೆ, ಅದೂ ಅದನ್ನು ಕೊಡಬಲ್ಲವರೂ ಪ್ರವಾಸದಲ್ಲಿ ಜೊತೆಗಿರಬೇಕು. ರೋಗಿಯನ್ನು ನಡೆಸಬಾರದು, ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು, ಉಸಿರು ಕಷ್ಟವಾದರೆ ಒರಗಿಸಿ ಕೂರಿಸಬೇಕು. ತಕ್ಷಣ 108ಕ್ಕೆ ಕರೆಮಾಡಬೇಕು. ಮಸಿನಗುಡಿಯಿಂದ ಕಲ್ಹಟ್ಟಿ ಮೂಲಕ ಉದಕಮಂಡಲಕ್ಕೆ ಏರುವ ದಾರಿಯಲ್ಲಿ 36 ಕಡಿದಾದ ತಿರುವುಗಳಿವೆ. ಗೂಡಲೂರಿನ ದಾರಿಯೂ ಘಟ್ಟದ್ದೇ. ಇಂಥ ಕಡೆ ಆಸ್ಪತ್ರೆ ದೂರ. ಆದುದರಿಂದ ಮುನ್ನೆಚ್ಚರಿಕೆಯೇ ಹತ್ತಿರದ ಔಷಧ.

ಮುಕ್ತಾಯ

ಈ ವರ್ಷ ನಮ್ಮ ತರಗತಿಯ ವನಭೋಜನಕ್ಕೆ ಸಾಮೆ ಉಪ್ಪಿಟ್ಟು, ರಾಗಿ ಉಂಡೆ, ಹುರುಳಿ ಉಸಲಿಗಳನ್ನೇ ಮಾಡಿಸಿದೆವು. ಹೊಸ ಪಾತ್ರೆ, ಹೊಸ ಸೌಟು, ಮನೆಯಲ್ಲೇ ಬೀಸಿದ ಹಿಟ್ಟು. ಒಬ್ಬರಿಗಾಗಿ ಬೇರೆ ಅಡುಗೆ ಮಾಡಲಿಲ್ಲ. ಎಲ್ಲರಿಗೂ ಒಂದೇ ಅಡುಗೆ. ಚಾಕಲೇಟು ಇಲ್ಲವೆಂದು ಒಬ್ಬರೂ ಗೊಣಗಲಿಲ್ಲ. ಉಂಡೆಗಳು ಸಾಲದೆ ಬಂದವು.

ನಮ್ಮ ಗೆಳತಿ ಸಾಲಿನ ನಡುವೆ ಕುಳಿತು ಉಂಡಳು. ಎರಡನೆಯ ಸಲ ಉಪ್ಪಿಟ್ಟು ಬಡಿಸಲು ಹೋದಾಗ ಅವಳು, “ಇದರಲ್ಲಿ ಏನೇನಿದೆ?” ಎಂದು ಕೇಳಲಿಲ್ಲ. ಪ್ರತಿದಿನವೂ, ಪ್ರತಿಯೊಂದು ತಿಂಡಿಗೂ ಕೇಳಬೇಕಾಗಿದ್ದ ಆ ಪ್ರಶ್ನೆಯಿಂದ ಅವಳಿಗೆ ಒಂದು ದಿನವಾದರೂ ಬಿಡುವು ಸಿಕ್ಕಿತು. ನಮ್ಮ ಶಾಲೆಯ ಇತರ ತರಗತಿಗಳ ಮಿತ್ರರೂ ತಮ್ಮ ಸಾಲಿನಲ್ಲಿ ಇಂಥವರು ಯಾರಿದ್ದಾರೆ ಎಂದು ಒಮ್ಮೆ ವಿಚಾರಿಸಿ, ಅವರಿಗೂ ಕೂಡಿ ಉಣ್ಣುವ ಬುತ್ತಿಯನ್ನು ಕಟ್ಟಿಕೊಂಡು ಬರಬೇಕೆಂದು ನಮ್ಮ ವಿನಂತಿ.